ಪಾಳೇಗಾರನ ಕೊಂಬು

ಹುಣಸೆದೊಡ್ಡಿ, ಕೋಡಿಹಳ್ಳಿ ಹೋಬಳಿ,
ಕನಕಪುರ ತಾಲ್ಲೂಕು
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅಣ್ಣಯ್ಯಾ,

ಹೇಗಿದ್ದೀಯ? ಸೊಂಟ ಹಿಡಿದುಕೊಳ್ಳುವುದು ನಿಂತಿತೇ? ಹುಲ್ಲಿನ ಮೆದೆ ಒಟ್ಟುವಾಗ ಬಗ್ಗಿದವನು ಎರಡು ದಿನ ನೆಟ್ಟಗಾಗಲಿಲ್ಲ ಎಂದು ಅತ್ತಿಗೆ ಅವ್ವನಿಗೆ ಫೋನಿನಲ್ಲಿ ಹೇಳಿದರಂತೆ. ಬಿಸಿನೀರಿನ ಶಾಖ ಕೊಟ್ಟುಕೋ, ಯಾರೋ ಹೇಳಿದರೆಂದು ಸಿಕ್ಕಸಿಕ್ಕ ಮುಲಾಮು ತಿಕ್ಕಬೇಡ. ಪುಟ್ಟಿ ಈಗಲೂ ಶಾಲೆಯ ವ್ಯಾನು ಕಂಡರೆ ರಾಗಿ ಮೂಟೆಗಳ ಹಿಂದೆ ಅವಿತುಕೊಳ್ಳುತ್ತಾಳೆಯೇ? ನಿನ್ನ ಮಾವನವರ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ಕೇಳಿ ಸಮಾಧಾನವಾಯಿತು. ಇಲ್ಲಿ ನಾವೆಲ್ಲ ಗಟ್ಟಿಯಾಗಿದ್ದೇವೆ. ಮೋಡ ಕಟ್ಟಿದ ದಿನ ಅವ್ವನ ಮಂಡಿ ಗೊಣಗುತ್ತದೆ, ಮಿಕ್ಕ ದಿನ ಅವ್ವನೇ ಗೊಣಗುತ್ತಾಳೆ. ನಮ್ಮ ಯಜಮಾನರಿಗೆ ಈ ವಾರ ಬಿಡದಿಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಬರುವಾಗ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದು, ನನಗೆ ಒಡವೆ ತಂದವರ ಹಾಗೆ ಕೈಗೆ ಕೊಡುತ್ತಾರೆ. ರಾಗಿ ತೆನೆ ತುಂಬಿ ಬಾಗಿದೆ, ಇನ್ನೊಂದೆರಡು ವಾರಕ್ಕೆ ಕುಡುಗೋಲು ಹಾಕಬಹುದು. ಅಪ್ಪನ ವಿಷಯ ಮುಂದೆ ಬರೆಯುತ್ತೇನೆ, ಈ ಕಾಗದವೆಲ್ಲ ಅಪ್ಪನ ವಿಷಯವೇ.

ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳುವ ಹಕ್ಕು ನಿನಗಿಲ್ಲ. ನನ್ನ ನಂಬರು ಕಂಡರೆ ನೀನು ಎತ್ತುವುದಿಲ್ಲ. ಅತ್ತಿಗೆಗೆ ಮಾಡಿದರೆ ಪಾಪ, ‘ಅವ್ರು ಹೊಲ್ದಾಗವ್ರೆ’ ಅನ್ನುತ್ತಾರೆ, ಹಿಂದಿನಿಂದ ನೀನು ಕೆಮ್ಮುವುದು ನನಗೆ ಕೇಳಿಸುತ್ತದೆ. ಆ ಕೆಮ್ಮನ್ನು ಚಿಕ್ಕಂದಿನಿಂದ ಕೇಳಿದವಳು ನಾನು, ನನಗೆ ಟೋಪಿ ಹಾಕಲು ಬರಬೇಡ. ಕಾಗದವಾದರೆ ಹರಿದು ಎಸೆಯುವ ಮೊದಲು ಒಂದು ಸಲವಾದರೂ ಓದುತ್ತೀಯ. ನಿನ್ನ ಕೋಪ ದೊಡ್ಡದು, ಆದರೆ ನಿನ್ನ ಕುತೂಹಲ ಅದಕ್ಕಿಂತ ದೊಡ್ಡದು.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮಸಿ ಹಸು ಹಾಕಿದ ಹೋರಿಕರುವಿಗೆ ಬರುವ ಸೋಮವಾರ ಬೀಜ ಒಡೆಸುತ್ತೀಯಂತೆ, ನಿನ್ನ ಮಾವನವರ ಒಂಟಿ ಕರಿಯೆತ್ತಿಗೆ ಜೋಡಿ ಮಾಡುತ್ತೀಯಂತೆ. ಚನ್ನಪಟ್ಟಣದ ತಾಜ್ ಪಾಷಾ ಹೇಳಿದರು. ಗೊಂಬೆ ಮಾಡಲು ಆಲೆಮರ ಹುಡುಕಿಕೊಂಡು ಮಾಗಡಿ ಕಡೆ ಬಂದವರು ನಿನ್ನ ಮನೆಯಲ್ಲಿ ಕಾಫಿ ಕುಡಿದು ಹೋದರಲ್ಲ, ಆಗ ನಿನ್ನ ಮಾವನವರೇ ಹೇಳಿದರಂತೆ. ಅಣ್ಣಯ್ಯಾ, ಒಡೆಸಬೇಡ. ಆ ಕರು ಹೋದರೆ ನೀನು ಶುರುಮಾಡಿದ, ನಾವಿಬ್ಬರೂ ಇಷ್ಟು ವರ್ಷ ಸಗಣಿ ಬಾಚಿ ಬೆಳೆಸಿದ ಕೆಲಸ ಅಲ್ಲಿಗೆ ಮುಗಿಯಿತು. ನಮ್ಮ ಇಡೀ ದನಗಳಲ್ಲಿ ಅಂಥ ಹೋರಿ ಇನ್ನೊಂದಿಲ್ಲ. ಯಾಕೆ ಇಲ್ಲ ಎನ್ನುವುದು ನನಗೆ ಗೊತ್ತಾದದ್ದೇ ಹೋದ ಶುಕ್ರವಾರ.

ಈ ಕಾಗದವನ್ನು ಅತ್ತಿಗೆಯೂ ಓದಲಿ, ಅದಕ್ಕೇ ಮೊದಲಿನಿಂದ ಬರೆಯುತ್ತೇನೆ. ಅವರಿಗೆ ನಮ್ಮ ಜಗಳದ ತುದಿ ಗೊತ್ತು, ಬುಡ ಗೊತ್ತಿಲ್ಲ. ಅತ್ತಿಗೆ, ನಿಮ್ಮ ಯಜಮಾನರು ಮದುವೆಗೆ ಮುಂಚೆ ಹಸು ಸಾಕಣೆಯ ತರಬೇತಿಗೆ ಹೋಗಿ ಬರುವಾಗ ಒಂದು ಪಟ ತಂದರು. ಅದರಲ್ಲಿದ್ದದ್ದು ಕಾಡೆತ್ತು, ನಮ್ಮ ಕೊಟ್ಟಿಗೆಯ ದನಗಳ ಮೂಲಪುರುಷ. ಸಾವಿರಾರು ವರ್ಷಗಳ ಹಿಂದೆ ನಮ್ಮ ದೇಶದಲ್ಲೂ ಇತ್ತಂತೆ, ಇಲ್ಲಿ ಯಾವಾಗಲೋ ಅಳಿದುಹೋಯಿತು. ಯುರೋಪಿನಲ್ಲಿ ಕೊನೆಯದು ಸತ್ತೇ ನಾನೂರು ವರ್ಷವಾಯಿತಂತೆ. ಹೋರಿ ಕಪ್ಪು, ಬೆನ್ನಿನ ಉದ್ದಕ್ಕೆ ಒಂದು ತೆಳು ಬಿಳಿಗೆರೆ, ಮೂತಿಯ ಸುತ್ತ ಬಿಳಿ, ಎತ್ತರದ ಕಾಲು, ಪಕ್ಕಕ್ಕೆ ಹೊರಟು ಮುಂದಕ್ಕೆ ಬಾಗಿದ ಕೊಂಬು. ಆ ಪ್ರಾಣಿ ಹೋದರೂ ಅದರ ಗುಣಗಳು ಸಾಕಿದ ದನಗಳಲ್ಲಿ ಚೂರುಚೂರಾಗಿ ಉಳಿದಿರುತ್ತವೆ, ಒಂದರಲ್ಲಿ ಬಣ್ಣ, ಒಂದರಲ್ಲಿ ಗೆರೆ, ಒಂದರಲ್ಲಿ ಬೆದರು. ಅಂಥವನ್ನೇ ಆರಿಸಿ ಕೂಡಿಸುತ್ತಾ ಹೋದರೆ ತಲೆಮಾರು ಕಳೆದಂತೆ ಕಾಡೆತ್ತನ್ನು ಹೋಲುವ ದನ ಹುಟ್ಟುತ್ತದೆ, ಹೊರದೇಶಗಳಲ್ಲಿ ಆಗಲೇ ಮಾಡುತ್ತಿದ್ದಾರೆ, ನಮ್ಮ ಹಳ್ಳಿಕಾರ್ ದನದಲ್ಲಿ ನಾವು ಯಾಕೆ ಮಾಡಬಾರದು ಎಂದು ಇವನು ಊಟ ಬಿಟ್ಟು ಮಾತಾಡಿದ. ‘ಈಗಿನ ಹಸೀಗೆ ಫ್ಯಾನ್ ಬೇಕು, ಮ್ಯಾಟ್ ಬೇಕು, ಈಯಕ್ಕೆ ಡಾಕ್ಟ್ರು ಬೇಕು. ತಾನೇ ಮೇದು, ತಾನೇ ಈದು, ಚಿರ್ತೆ ಬಂದ್ರೆ ಕೊಂಬು ತಗ್ಸಿ ನಿಲ್ಲೋ ದನ ಒಂದಾದ್ರೂ ಇರ್ಲಿ ಕಣಮ್ಮಿ’ ಅಂದ. ನನಗೆ ಆ ಮಾತು ಹಿಡಿಸಿಬಿಟ್ಟಿತು. ಊರಿನವರು ಮಾತ್ರ ‘ಕಾಟಿ ಕಾಡಲ್ಲೇ ಐತಲ್ಲ, ನೀವ್ಯಾಕೆ ಕೊಟ್ಟಿಗೇಲಿ ಮಾಡೀರಿ’ ಎಂದು ನಕ್ಕರು. ಕಾಟಿ ಎಂದರೆ ಕಾಡುಕೋಣ, ಅದರ ವಂಶವೇ ಬೇರೆ, ನಮ್ಮ ದನದ ವಂಶವೇ ಬೇರೆ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು.

ಅಣ್ಣಯ್ಯಾ, ಆ ದಿನಗಳು ನೆನಪಾದರೆ ನನಗೆ ಈಗಲೂ ಖುಷಿಯಾಗುತ್ತದೆ. ದನ ಕೊಳ್ಳುವವರೆಲ್ಲ ಸುಳಿ ನೋಡಿ, ಬಣ್ಣ ನೋಡಿ, ಸಾಧುವೋ ಎಂದು ಬೆನ್ನು ತಟ್ಟಿ ನೋಡಿ ಕೊಳ್ಳುತ್ತಿದ್ದರು. ಅವರು ಬೇಡವೆಂದು ಬಿಟ್ಟುಹೋದದ್ದನ್ನು ನಾವು ಹಿಡಿದು ತರುತ್ತಿದ್ದೆವು. ಕೆಟ್ಟ ಸುಳಿಯದ್ದು, ಮಸಿ ಬಳಿದಂತಿದ್ದದ್ದು, ಹಾಲು ಹಿಂಡಲು ಕೂತರೆ ಒದೆಯುವುದು, ಎಲ್ಲ ನಮ್ಮ ಮನೆಗೆ. ‘ಈ ಮನೆ ದನಗಳ ಜೈಲಾಯ್ತು’ ಎಂದು ಅವ್ವ ಹಣೆ ಚಚ್ಚಿಕೊಂಡಳು. ಕಾಡೆತ್ತಿಗೆ ಹೆಗಲ ಮೇಲೆ ಹಿಣಿಲು ಇತ್ತೋ ಇಲ್ಲವೋ, ಮೂಳೆ ನೋಡಿ ಹೇಳುವುದಕ್ಕಾಗುವುದಿಲ್ಲ ಎಂದು ನೀನೇ ಹೇಳಿ, ಆಮೇಲೆ ಇತ್ತು ಎಂದು ನೀನು, ಇರಲಿಲ್ಲ ಎಂದು ನಾನು ಒಂದು ಬೇಸಿಗೆ ಪೂರ್ತಿ ಕಿತ್ತಾಡಿದೆವು. ಎಲ್ಲ ಸಿಕ್ಕಿತು, ಕೊಂಬು ಮಾತ್ರ ಸಿಗಲಿಲ್ಲ. ಹಳ್ಳಿಕಾರ್ ದನದ ಕೊಂಬು ನೆತ್ತಿಯಿಂದ ಒತ್ತಾಗಿ ಎದ್ದು ಹಿಂದಕ್ಕೆ ಹೋಗುತ್ತದೆ, ನಮಗೆ ಬೇಕಾದದ್ದು ಅಗಲಕ್ಕೆ ಹೊರಟು ಮುಂದಕ್ಕೆ ಬರುವುದು. ಆಗ ಕೋಡಿಹಳ್ಳಿಯ ಸೋದರತ್ತೆ ಮನೆಯಲ್ಲಿ ಪಾಳೇಗಾರ ಎನ್ನುವ ಹೋರಿ ಕಣ್ಣಿಗೆ ಬಿದ್ದ. ಕಪ್ಪು ಮೈ, ಪಟದಿಂದ ಎದ್ದು ಬಂದಂಥ ಕೊಂಬು. ನೀನು ಅವನ ಮುಂದೆ ನಿಂತು ಕಣ್ಣಲ್ಲಿ ನೀರು ಹಾಕಿದ್ದನ್ನು ನಾನು ಯಾರಿಗೂ ಹೇಳಿಲ್ಲ, ಈಗ ಅತ್ತಿಗೆಗೆ ಹೇಳುತ್ತಿದ್ದೇನೆ. ಅತ್ತೆ ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಹೋರಿಯನ್ನು ಮನೆಗೆ ತಂದೆವು.

ಅಪ್ಪನ ಕೈ ಎಂಥದ್ದೆಂದು ನಿನಗೆ ಹೇಳಬೇಕಿಲ್ಲ. ಸುತ್ತಮುತ್ತ ಯಾರ ಮನೆಯಲ್ಲಿ ಹೋರಿಕರು ಹುಟ್ಟಿದರೂ ಕೊಂಬು ತಿದ್ದಲು ಬೈರಪ್ಪನೇ ಬೇಕು. ಹರಳೆಣ್ಣೆ ಸವರಿ ತಿಕ್ಕುವುದು, ಸಣ್ಣ ಮರದ ಪಟ್ಟಿ ಇಟ್ಟು ದಾರ ಬಿಗಿಯುವುದು, ಬೆಳೆದಂತೆ ಹೆರೆದು ನುಣುಪು ಮಾಡುವುದು. ಅಪ್ಪ ತಿದ್ದಿದ ಜೋಡಿಯ ನಾಲ್ಕು ಕೊಂಬೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿರುತ್ತವೆ. ಆದರೆ ನಮ್ಮ ಕೆಲಸಕ್ಕೆ ತಿದ್ದಿದ ಕೊಂಬು ಬರುವುದಿಲ್ಲ, ಹುಟ್ಟಿನಿಂದ ಬಂದದ್ದೇ ಆಗಬೇಕು ಎಂದು ನೀನು ಪಾಳೇಗಾರನ ಕರುಗಳು ಹುಟ್ಟತೊಡಗಿದ ಕೂಡಲೇ ಅಪ್ಪನಿಗೆ ಕಟ್ಟಪ್ಪಣೆ ಮಾಡಿದೆ. ‘ಅಪ್ಪಾ, ಈ ಕೊಟ್ಟಿಗೇಲಿ ಒಂದು ಕೊಂಬೂ ಮುಟ್ಬ್ಯಾಡ’ ಅಂದೆ. ಅಪ್ಪ ಎಣ್ಣೆಯ ಗಿಂಡಿಯನ್ನು ಎತ್ತಿ ಅಟ್ಟದ ಮೇಲಿಟ್ಟ. ಅಪ್ಪ ಒಪ್ಪಿಕೊಂಡ ಎಂದೇ ನಾವಿಬ್ಬರೂ ತಿಳಿದೆವು.

ಆಮೇಲಿನದು ಅತ್ತಿಗೆಗೂ ಗೊತ್ತು. ಪಾಳೇಗಾರನ ಕರುಗಳಿಗೆ ಬಣ್ಣ ಬಂತು, ಗೆರೆ ಬಂತು, ಕಾಲು ಬಂತು. ಕೊಂಬು ಮಾತ್ರ ಒಂದಾದ ಮೇಲೊಂದಕ್ಕೆ ನೆಟ್ಟಗೆ ಎದ್ದು ಹಿಂದಕ್ಕೆ ಹೋಯಿತು. ಹೋರಿಯ ಮೇಲೆ ನಮಗೆ ಅನುಮಾನವೇ ಬರಲಿಲ್ಲ. ತಿದ್ದಿದ ಕೊಂಬೆಂದರೆ ಒತ್ತಾಗಿ ಹಿಂದಕ್ಕೆ ಹೋಗುವುದು, ಮುಂದಕ್ಕೆ ಬಾಗಿಸುವವರು ಈ ಸೀಮೆಯಲ್ಲಿ ಯಾರೂ ಇಲ್ಲ, ಹಾಗಾಗಿ ಪಾಳೇಗಾರನದು ದೇವರು ಕೊಟ್ಟದ್ದೇ ಸರಿ ಎಂದುಕೊಂಡೆವು. ಉಳಿದದ್ದು ಹಸುಗಳು. ನಾನು ಆರಿಸಿದ ಹಸುಗಳ ರಕ್ತ ಕೆಟ್ಟದ್ದೆಂದು ನೀನು, ನೀನು ಆರಿಸಿದವುಗಳದ್ದೆಂದು ನಾನು. ದನದ ಜಗಳ ಮನುಷ್ಯರ ಜಗಳವಾಗಲು ಎಷ್ಟು ಹೊತ್ತು ಬೇಕು? ನೀನು ಗಬ್ಬವಾಗಿದ್ದ ಮಸಿಯನ್ನು ಹಿಡಿದುಕೊಂಡು ಮಾಗಡಿ ಕಡೆ ಹೊರಟುಬಿಟ್ಟೆ. ಮಾವನವರಿಗೆ ಗಂಡುದಿಕ್ಕಿಲ್ಲ, ಜಮೀನು ನೋಡಬೇಕು ಎಂದು ಎಲ್ಲರಿಗೂ ಹೇಳಿದೆ, ಅದೂ ನಿಜವೇ. ಆದರೆ ಹೊರಡುವಾಗ ಅಪ್ಪನ ಮುಖವನ್ನೂ ನೋಡಲಿಲ್ಲ. ಅವತ್ತಿನಿಂದ ಅಪ್ಪ ನಿನ್ನ ಹೆಸರು ಎತ್ತಿದ್ದಿಲ್ಲ, ನಾವೂ ಅವನ ಮುಂದೆ ಎತ್ತಿದ್ದಿಲ್ಲ.

ಹೋದ ಶುಕ್ರವಾರ ಬೆಳಿಗ್ಗೆ ನಾನು ರೇಷ್ಮೆ ಹುಳುಮನೆಗೆ ಸೊಪ್ಪು ಹಾಕಿ ಎಂದಿಗಿಂತ ಬೇಗ ಬಂದೆ. ಅಪ್ಪ ಕೊಟ್ಟಿಗೆಯ ಮೂಲೆಯಲ್ಲಿ ಕೆಂದಹಸುವಿನ ಕರುವನ್ನು ತೊಡೆಗೆ ಒತ್ತಿಕೊಂಡು ಕೂತಿದ್ದ. ಪಾಳೇಗಾರನ ಮೊಮ್ಮಗ ಅದು, ಕೊಂಬು ಈಗಷ್ಟೇ ಹೆಬ್ಬೆರಳಷ್ಟು ಬಂದಿವೆ. ಎಣ್ಣೆ, ದಾರ, ಮರದ ಪಟ್ಟಿ, ಎಲ್ಲವೂ ಪಕ್ಕದಲ್ಲಿ. ‘ಏನಪ್ಪಾ ಮಾಡ್ತಿದ್ದೀಯ?’ ಅಂದೆ. ಬೆಚ್ಚಿಬೀಳಲಿಲ್ಲ, ದಾರ ಬಿಗಿಯುತ್ತಲೇ ಹೇಳಿದ: ‘ಮಾಡ್ದೆ ಇದ್ರೆ ಇವೂ ಹಿಂದಕ್ಕೇ ಓಯ್ತವೆ. ಇದ್ರ ಕೊಂಬಾದ್ರೂ ಸರಿಯಾದ್ರೆ ಅವ್ನು ವಾಪಸ್ ಬತ್ತಾನೆ ಅಂತ.’ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ‘ಅಪ್ಪಾ, ಪಾಳೇಗಾರಂದು?’ ಅಂದೆ. ಆಗ ಅಪ್ಪ ತಲೆಯೆತ್ತಿ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿ ‘ಮತ್ತೆ? ತಾನಾಗೇ ಬಂತು ಅನ್ಕಂಡಿದ್ರಾ? ನೀವಿಬ್ರೂ ಆ ಪಟ ಗ್ವಾಡೆಗೆ ಅಂಟ್ಸಿ ಇಂಥದೇ ಬೇಕು ಅಂತ ಬಾಯ್ ಬಾಯ್ ಬುಟ್ರಿ. ಮಕ್ಳು ಕೇಳುದ್ರು, ಮಾಡ್ಕೊಟ್ಟೆ’ ಅಂದ. ಪ್ರತಿ ವಾರ ತಂಗಿಯನ್ನು ನೋಡಿಕೊಂಡು ಬರುತ್ತೇನೆ ಎಂದು ಕೋಡಿಹಳ್ಳಿಗೆ ಹೋಗುತ್ತಿದ್ದನಲ್ಲ ಅಣ್ಣಯ್ಯಾ, ಅದಕ್ಕೇ ಹೋಗುತ್ತಿದ್ದದ್ದು. ಮೂರು ವರ್ಷ ಕೂತು ಪಟದಲ್ಲಿದ್ದ ಕೊಂಬನ್ನು ಆ ಕರುವಿನ ತಲೆಯ ಮೇಲೆ ಬೆಳೆಸಿದ್ದಾನೆ. ಅತ್ತೆಗೂ ಅದು ಹೇಳಬೇಕಾದ ಸುದ್ದಿ ಅನ್ನಿಸಲಿಲ್ಲ, ಹೋರಿಕರುವಿಗೆ ಕೊಂಬು ತಿದ್ದುವುದು ನಮ್ಮಲ್ಲಿ ಯಾರು ಸುದ್ದಿ ಮಾಡುತ್ತಾರೆ?

ನಾನು ಗೋದಲಿಯ ಅಂಚಿನ ಮೇಲೆ ಕೂತುಬಿಟ್ಟೆ. ಮತ್ತೆ ನಾವು ಹೀಗೆ ಕಚ್ಚಾಡುವಾಗ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ‘ಮುಟ್ಬ್ಯಾಡ ಅಂದ್ರಿ, ಮುಟ್ನಿಲ್ಲ. ಮುಟ್ದೆ ಇದ್ದುದ್ಕೆ ಕೊಂಬು ಕೆಟ್ಟೋದೋ. ನನ್ ಕೈ ಬ್ಯಾಡ ಅಂದೋರ್ಗೆ ನಾನ್ಯಾಕೆ ಬುದ್ಧಿ ಹೇಳ್ಲಿ?’ ಅಂದ. ಅಪ್ಪನ ಲೆಕ್ಕದಲ್ಲಿ ಕೊಂಬು ತಾನಾಗಿ ಬರುವ ವಸ್ತುವೇ ಅಲ್ಲ. ನಾವು ಕೊಂಬು ಆರಿಸುತ್ತಿದ್ದೇವೆ ಅಂದಾಗ ಅವನ ಕಿವಿಗೆ ಕೊಂಬು ಮಾಡಿಕೊಡು ಎಂದೇ ಕೇಳಿಸಿದೆ, ಮಾಡಿಕೊಟ್ಟಿದ್ದಾನೆ. ನಾನು ಎಷ್ಟು ವಿವರಿಸಿದರೂ ತಲೆಗೆ ಹೋಗಲಿಲ್ಲ. ಕೊನೆಗೆ ‘ಅಪ್ಪಾ, ನನ್ನ ಕಿವಿ ನೀನೇ ಚುಚ್ಚಿಸಿದೆ. ನನ್ನ ಮಗಳು ಕಿವಿಯಲ್ಲಿ ತೂತು ಇಟ್ಟುಕೊಂಡು ಹುಟ್ಟಿದಳಾ?’ ಅಂದೆ. ದಾರ ಹಿಡಿದಿದ್ದ ಕೈ ಹಾಗೇ ನಿಂತಿತು. ‘ಅಂಗಾದ್ರೆ ನಿಮ್ಮಿಬ್ರ ಜಗ್ಳ ನನ್ ಕೈಯಿಂದಾದುದ್ದಾ?’ ಎಂದು ಕೇಳಿದ. ನಾನು ಹೌದು ಅಂದೆ. ಸುಳ್ಳು ಹೇಳಿ ಸಮಾಧಾನ ಮಾಡಲು ನನಗೆ ಬರುವುದಿಲ್ಲ. ಅವತ್ತು ಅಪ್ಪ ಮುದ್ದೆ ಮುಟ್ಟಲಿಲ್ಲ, ಅವ್ವ ನನಗೆ ಬಾಯಿಗೆ ಬಂದಂತೆ ಬೈದಳು, ಬೈಸಿಕೊಂಡೆ.

ಎರಡು ದಿನ ನನಗೂ ಎಲ್ಲ ಬಿಟ್ಟುಬಿಡಬೇಕು ಅನ್ನಿಸಿತು. ಮೂರನೆಯ ದಿನ ಹಸುಗಳ ಮೈ ತೊಳೆಯುವಾಗ ಬುದ್ಧಿ ಬಂತು. ನಮ್ಮಲ್ಲಿ ಹಸುವಿನ ಕೊಂಬನ್ನು ಯಾರೂ ತಿದ್ದುವುದಿಲ್ಲ, ಅಪ್ಪನೂ ತಿದ್ದಿಲ್ಲ. ಅಂದರೆ ನಮ್ಮ ಹಸುಗಳ ತಲೆಯ ಮೇಲಿರುವುದೆಲ್ಲ ಅವುಗಳದ್ದೇ. ಕೆಟ್ಟ ರಕ್ತವೆಂದು ನೀನು ಬೈದ ನನ್ನ ಹಸುಗಳೂ, ನಾನು ಬೈದ ನಿನ್ನ ಹಸುಗಳೂ ಏನೂ ತಪ್ಪು ಮಾಡಿಲ್ಲ. ಅದಾದ ಮಾರನೆಯ ದಿನವೇ ತಾಜ್ ಪಾಷಾ ಬಂದು ಮೊಬೈಲು ತೆರೆದ ಕೂಡಲೇ ನಿನ್ನ ಕರುವಿನ ಫೋಟೋ. ನಾವು ಶುರುಮಾಡಿದಾಗ ಪಟ ನೋಡಿ ಒಂದು ಕಾಡೆತ್ತಿನ ಗೊಂಬೆ ಮಾಡಿಕೊಟ್ಟಿದ್ದರಲ್ಲ, ಅವರಿಗೆ ಆ ತಿರುವು ಕೈಯಲ್ಲೇ ಕೂತುಬಿಟ್ಟಿದೆ. ‘ಇದ್ರ ಕೊಂಬು ನೋಡಮ್ಮ, ನಾನು ಆವತ್ತು ಮಾಡ್ದಂಗೇ ತಿರುಗೈತೆ’ ಅಂದರು. ಗೇಣುದ್ದದ ಕೊಂಬು, ಪಕ್ಕಕ್ಕೆ ಹೊರಟು ಮುಂದಕ್ಕೆ ಬಂದಿದೆ. ಅಪ್ಪ ಆ ಕರುವನ್ನು ಕಂಡೇ ಇಲ್ಲ. ನಿನಗೆ ತಿದ್ದುವ ಕೆಲಸ ಬರುವುದಿಲ್ಲ. ಪಾಳೇಗಾರನಲ್ಲಿ ಇಲ್ಲದ್ದನ್ನು ಪಾಳೇಗಾರ ಕೊಡಲಾರ, ಹಾಗಾದರೆ ಅದು ಬಂದದ್ದು ಮಸಿಯಿಂದ, ಅದರ ತಲೆಯ ಮೇಲೆ ಕಾಣದಿದ್ದರೂ ರಕ್ತದಲ್ಲಿತ್ತು. ಮಸಿಯನ್ನು ಹುಡುಕಿ ತಂದವನು ನೀನು ಅಣ್ಣಯ್ಯಾ. ಬೀಗಬೇಡ, ಇದೊಂದು ಸಲ ಬರೆಯುತ್ತೇನೆ, ಇನ್ನೊಂದು ಸಲ ಕೇಳಿದರೆ ಹೇಳುವುದಿಲ್ಲ.

ಆದರೆ ಫೋಟೋವನ್ನು ನಂಬಿ ಮತ್ತೆ ಹಳ್ಳಕ್ಕೆ ಬೀಳಲು ನಾನು ತಯಾರಿಲ್ಲ. ನಿಮ್ಮ ಕಡೆ ಯಾರಾದರೂ ನಿನಗೆ ಗೊತ್ತಿಲ್ಲದ ಹಾಗೆ ಎಣ್ಣೆ ಹಚ್ಚಿ ತಿಕ್ಕಿದ್ದರೆ? ನಮ್ಮ ಮನೆಯಲ್ಲೇ ನಮಗೆ ಗೊತ್ತಾಗಲಿಲ್ಲವಲ್ಲ. ಅದನ್ನು ಹೇಳಬಲ್ಲವನು ಒಬ್ಬನೇ. ಅಪ್ಪನಿಗೆ ಫೋಟೋ ತೋರಿಸಿದೆ, ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. ‘ಪೋಟೋದಾಗೆ ಏನು ತಿಳೀತದೆ? ತಿದ್ದಿದ ಕೊಂಬ್ನ ಬುಡ ಒಂದ್ಕಡೆ ದಪ್ಪ, ಒಂದ್ಕಡೆ ತೆಳ್ಳಗಿರ್ತದೆ. ಬೆರಳಿಟ್ರೆ ಹೇಳ್ತೀನಿ’ ಅಂದ. ಹಾಗಾದರೆ ಹೋಗೋಣ ನಡಿ ಅಂದೆ. ‘ಅವ್ನು ಕರೀದೆ ಅವ್ನ ಮಾವ್ನ ಮನೆ ಬಾಗ್ಲಿಗೆ ನಾನು ಬರಾಕಿಲ್ಲ’ ಎಂದು ಟವೆಲ್ಲು ಒದರಿ ಎದ್ದುಹೋದ. ಆದ್ದರಿಂದ ನೀನು ಮಾಡಬೇಕಾದದ್ದು ಎರಡು ಕೆಲಸ. ಸೋಮವಾರ ಬೀಜ ಒಡೆಯಲು ಬರುವ ಇಕ್ಕಳದವನಿಗೆ ಬರಬೇಡ ಎಂದು ಹೇಳು, ಅಪ್ಪನಿಗೆ ಬಾ ಎಂದು ಹೇಳು. ನನ್ನ ಜೊತೆ ಮಾತಾಡದಿದ್ದರೆ ಬೇಡ, ನನಗೇನೂ ನಷ್ಟವಿಲ್ಲ. ಅಪ್ಪನ ಜೊತೆ ಮಾತಾಡು.

ಮಾವನವರ ಎತ್ತಿಗೆ ಜೋಡಿ ಬೇಕೆನ್ನುವುದು ನ್ಯಾಯವೇ. ನಮ್ಮಲ್ಲಿ ಪಾಳೇಗಾರನ ಮಗ ಕರಿಯ ಇದ್ದಾನೆ, ಆಗಲೇ ಎತ್ತಾಗಿದ್ದಾನೆ, ನೊಗ ಕಲಿತಿದ್ದಾನೆ, ಎತ್ತರವೂ ಸರಿಹೋಗುತ್ತದೆ. ಅವನನ್ನು ಕೊಡುತ್ತೇನೆ, ಉಳುಮೆ ನಿಲ್ಲುವುದಿಲ್ಲ. ಪಾಳೇಗಾರನನ್ನು ಇನ್ನು ಹಸುಗಳ ಹತ್ತಿರ ಬಿಡುವುದಿಲ್ಲ. ಮಾರುವುದೂ ಇಲ್ಲ, ಅಪ್ಪನ ಕೈಕೆಲಸ ನೋಡಬೇಕು ಅನ್ನಿಸಿದಾಗ ನೋಡಲು ಅವನು ಬೇಕು. ಕೆಂದಹಸುವಿನ ಕರುವಿನ ದಾರ ಬಿಚ್ಚಿಸಿದ್ದೇನೆ, ಅದರ ಕೊಂಬು ಎತ್ತ ಹೋಗುತ್ತದೋ ಹೋಗಲಿ. ಹಸುಗಳಿಂದಲೇ ಮತ್ತೆ ಶುರುಮಾಡುತ್ತೇನೆ, ನೀನು ಬಂದರೂ ಸರಿ, ಬರದಿದ್ದರೂ ಸರಿ. ನಾನು ಹುಚ್ಚಿಯಲ್ಲ, ಅಳಿದುಹೋದ ಕಾಡೆತ್ತು ತಿರುಗಿ ಬರುವುದಿಲ್ಲ ಎಂದು ನನಗೂ ಗೊತ್ತು. ಬರುವುದು ಅದರ ಹೋಲಿಕೆ, ಅದೂ ನಾನು ಮುದುಕಿಯಾದ ಮೇಲೆ. ಆದರೂ ಯಾವತ್ತೋ ಒಂದು ದಿನ ನಮ್ಮ ಹಿಂದಿನ ಕುರುಚಲು ಗುಡ್ಡದ ಮೇಲೆ ಯಾರ ಹಂಗೂ ಇಲ್ಲದೆ ಒಂದು ಕಪ್ಪು ದನ ನಿಂತು ಮೇಯುವುದನ್ನು ನೋಡಿಯೇ ನಾನು ಸಾಯುವುದು. ಆ ಆಸೆ ಹಚ್ಚಿದವನು ನೀನು, ಈಗ ಕೈ ತೊಳೆದುಕೊಂಡರೆ ನಾನು ಬಿಡುವುದಿಲ್ಲ.

ತಾಜ್ ಪಾಷಾ ಶನಿವಾರ ಮಾಗಡಿ ಕಡೆ ಹೋಗುತ್ತಾರೆ, ಅವರ ಕೈಯಲ್ಲೇ ಈ ಕಾಗದ ಕಳಿಸುತ್ತೇನೆ. ಅವರಿಗೆ ಊಟ ಹಾಕದೆ ಕಳಿಸಬೇಡಿ. ಅವ್ವ ಹುರಿಗಾಳು ಕಟ್ಟಿದ್ದಾಳೆ, ಪುಟ್ಟಿಗೆ ಕೊಡುವುದು, ನೀನೇ ಮುಗಿಸಬೇಡ. ಅವ್ವ ಸಿದ್ದಮ್ಮ ನಿಮ್ಮ ಮೂವರಿಗೂ ತಲೆ ಸವರಿ ಹರಸಿದ್ದಾಳೆಂದು ಬರೆ ಅಂದಳು, ಬರೆದಿದ್ದೇನೆ. ಮಾವನವರಿಗೂ ಅತ್ತಿಗೆಗೂ ನನ್ನ ನಮಸ್ಕಾರ, ಪುಟ್ಟಿಗೆ ಕೆನ್ನೆ ಹಿಂಡಿ ಮುತ್ತು. ನಿನಗೆ ಏನು ಕೊಡಬೇಕೆಂದು ಬಂದ ಮೇಲೆ ನೋಡುತ್ತೇನೆ.

ಇಂತಿ, ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ನಿನ್ನದೇ ತಂಗಿ,
ದಿವ್ಯ

ತಾ.ಕ.: ಸೋಮವಾರ ಬೆಳಿಗ್ಗೆ. ನಿನ್ನ ಮನೆಯ ಮುಂದೆ ತಾಜ್ ಪಾಷಾರ ಗಾಡಿಗೆ ಒರಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ಶನಿವಾರ ಅವರ ಗಾಡಿ ಕೆಟ್ಟು ನಿಂತಿತ್ತು, ರಿಪೇರಿಯಾಗಿ ನಮ್ಮೂರಿಗೆ ಬಂದದ್ದೇ ಇವತ್ತು ಕತ್ತಲು ಹರಿಯುವಾಗ. ಇನ್ನು ಕಾಗದ ಕಳಿಸಿ ಕಾಯುತ್ತಾ ಕೂರುವ ಹೊತ್ತಲ್ಲ ಎಂದು ಕರಿಯನನ್ನು ಹಿಂದೆ ಹತ್ತಿಸಿ ನಾನೇ ಹೊರಟೆ. ಮುಂದೆ ಹತ್ತಲು ಹೋದರೆ ಸೀಟಿನಲ್ಲಿ ಅಪ್ಪ ಕೂತಿದ್ದಾನೆ, ಒಗೆದ ಪಂಚೆ, ತಲೆಗೆ ಟವೆಲ್ಲು. ಅವನು ಕರೆದನಾ ಎಂದು ಕೇಳಿದ್ದಕ್ಕೆ ‘ಸುಮ್ಕೆ ಹತ್ತು’ ಅಂದ. ಇಲ್ಲಿಗೆ ಬಂದರೆ ನೀನು ಇಕ್ಕಳದವನನ್ನು ಕರೆತರಲು ಮಾಗಡಿಗೆ ಹೋಗಿದ್ದೀಯ ಎಂದು ಅತ್ತಿಗೆ ಹೇಳಿದರು, ಫೋನು ಮನೆಯಲ್ಲೇ ಬಿಟ್ಟು ಹೋಗಿದ್ದೀಯ. ಅದಕ್ಕೇ ಈ ಕಾಗದ ಕೊಟ್ಟು ತಾಜ್ ಪಾಷಾರನ್ನು ಅಲ್ಲಿಗೇ ಓಡಿಸುತ್ತಿದ್ದೇನೆ. ನಾನು ಬರೆಯುವಷ್ಟರಲ್ಲಿ ಅಪ್ಪ ಯಾರನ್ನೂ ಕೇಳದೆ ಕೊಟ್ಟಿಗೆಗೆ ನುಗ್ಗಿದ. ಕರು ಒಂದು ಸಲ ಹಾಯ್ದು ಪಂಚೆ ಹರಿಯಿತು, ಅಪ್ಪ ಬೈಯಲಿಲ್ಲ, ನಕ್ಕ. ಆಮೇಲೆ ಎರಡೂ ಕೊಂಬಿನ ಬುಡ ಹಿಡಿದು, ಕಣ್ಣು ಮುಚ್ಚಿ, ಬೆರಳನ್ನು ತುದಿಯ ತನಕ ತಂದು ಮತ್ತೆ ಬುಡಕ್ಕೆ ತಂದ. ‘ಇದು ಯಾರ್ ಕೈದೂ ಅಲ್ಲ ಕಣವ್ವ’ ಅಂದ. ಈಗ ಕರುವಿನ ಗೂಟಕ್ಕೆ ಬೆನ್ನು ಕೊಟ್ಟು ಕಾಲು ಚಾಚಿ ಕೂತಿದ್ದಾನೆ. ಅತ್ತಿಗೆ ಕಾಫಿ ತಂದರೂ ಒಳಗೆ ಬರಲೊಲ್ಲ, ಮುನೇಶ ಬರೋಗಂಟ ಏಳಾಕಿಲ್ಲ ಎಂದು ನಿನ್ನ ಹೆಸರು ಹಿಡಿದೇ ಹೇಳುತ್ತಿದ್ದಾನೆ. ಬೇಗ ಬಾ ಅಣ್ಣಯ್ಯಾ. ಒಬ್ಬನೇ ಬಾ.